ಅಳದ ಕೂಸಿನ ಮಳೆಗಾಲ

ನನ್ನ ಮೊಮ್ಮಗಳು ಮಾತಾಡಿದಳು! ಇವತ್ತು ಬೆಳಿಗ್ಗೆ, ಮಸ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಅವಳ ಅವ್ವ ಗುಳಿಗೆ ಅರೆದು ನೀರಿನಲ್ಲಿ ಕಲಸಿ ಚಮಚೆಯನ್ನು ಬಾಯಿಗೆ ಹಿಡಿದಾಗ, ಮುಖವನ್ನು ಗೋಡೆ ಕಡೆ ತಿರುಗಿಸಿ "ಒಲ್ಲೆ" ಅಂದಳು. ನಾನು ಕಿವಿಯಾರೆ ಕೇಳಿದೆ. ನನ್ನ ಹೆಂಡತಿ ಈರಮ್ಮ ಅಡುಗೆಮನೆಯೊಳಗಿಂದ ಕೇಳಿ, ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಚಮಚೆ ಹಿಡಿದಿದ್ದ ನನ್ನ ಮಗಳು ಸುಜಾತಾ ಮಾತ್ರ ಕಲ್ಲಿನ ಹಾಗೆ ಕೂತಿದ್ದಳು.

"ಏನಂದಿ ನನ್ನವ್ವಾ? ಇನ್ನೊಮ್ಮೆ ಅನ್ನು" ಅಂದಳು.

ಚಿನ್ನಿ ಇನ್ನೊಮ್ಮೆ ಅಂದಳು. ಅಂದದ್ದಲ್ಲದೆ ಚಮಚೆಗೂ ಒಂದು ಹೊಡೆದಳು. ಗುಳಿಗೆ ನೀರು ಸುಜಾತಾಳ ಮಡಿಲಿಗೆ ಚೆಲ್ಲಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಅವ್ವ ಅನ್ನಲಿಲ್ಲ, ಅಪ್ಪ ಅನ್ನಲಿಲ್ಲ, ತಾತ ಅನ್ನಲಿಲ್ಲ. ಮೊದಲ ಮಾತು ಒಲ್ಲೆ! ಓಣಿಯಲ್ಲಿ ಎರಡು ವರ್ಷ ದಾಟಿದ ಇವಳ ಓರಗೆಯ ಹುಡುಗರು ಯಾವಾಗಲೋ ಪಟಪಟ ಮಾತಾಡಿ, ಸುಳ್ಳು ಹೇಳುವುದನ್ನೂ ಕಲಿತಿದ್ದಾರೆ. ಇರಲಿ. ನಾನು ಡಬ್ಬಿಯಲ್ಲಿದ್ದ ಸಕ್ಕರೆಯನ್ನು ಟವೆಲಿಗೆ ಸುರಿದುಕೊಂಡು ಹೊರಗೆ ಬಿದ್ದೆ. ಎದುರು ಮನೆಯ ಹನುಮಂತ ಬೇವಿನಕಡ್ಡಿ ಕಚ್ಚುತ್ತ ನಿಂತಿದ್ದ.

"ಏನೋ ಮುದುಕಾ, ಏನು ಖುಷಿ?" ಅಂದ.

"ನಮ್ಮ ಚಿನ್ನಿ ಒಲ್ಲೆ ಅಂದ್ಲೋ!"

"ಒಲ್ಲೆ ಅಂದಿದ್ದಕ್ಕ ಸಕ್ರಿ ಹಂಚಾಕತ್ತೀಯಲ್ಲೋ, ನಾಳೆ ಹೂಂ ಅಂದ್ರ ಏನು, ಮನೀನ ಹಂಚ್ತೀಯೇನು?" ಎಂದು ನಕ್ಕ. ನಗುತ್ತಲೇ ಬಾಯಿಗೆ ಸಕ್ಕರೆ ಹಾಕಿಕೊಂಡ. ಆಮೇಲೆ ನನ್ನ ಮುಖ ನೋಡಿ ಹೆಗಲ ಮೇಲೆ ಕೈ ಇಟ್ಟ. ಅವನಿಗೆ ಎಲ್ಲ ಗೊತ್ತು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿ ಬೆನ್ನು ಬಾಗಿಸಿಕೊಂಡವನು. ಬರೆಯುವ ರೂಢಿ ನನಗಿಲ್ಲ, ಆದರೆ ಇವತ್ತು ಕೈ ಸುಮ್ಮನಿರಲೊಲ್ಲದು. ಒಂದು "ಒಲ್ಲೆ"ಗೆ ಮುದುಕನೊಬ್ಬ ಓಣಿ ತುಂಬ ಸಕ್ಕರೆ ಹಂಚಿ ಕಣ್ಣೀರು ಯಾಕೆ ಹಾಕಿದ ಅನ್ನುವುದು ತಿಳಿಯಬೇಕಾದರೆ ಚಿನ್ನಿ ಹುಟ್ಟಿದ ಮಳೆಗಾಲವನ್ನು ಹೇಳಬೇಕು. ಅದೇನು ಒಳ್ಳೆಯ ಕಾಲವಲ್ಲ.

ಮೊದಲು ಸುಜಾತಾಳ ಕೆಲಸ ಎಂಥದ್ದು ಅಂತ ಹೇಳುತ್ತೇನೆ. ಅದನ್ನು ತಿಳಿದುಕೊಳ್ಳಲು ನನಗೇ ಬಹಳ ದಿನ ಹಿಡಿಯಿತು. ಅವಳು ಲಿಂಗಸುಗೂರಿನಲ್ಲಿ ಒಂದು ಸಣ್ಣ ಕಂಪ್ಯೂಟರ್ ಆಫೀಸಿನಲ್ಲಿದ್ದಾಳೆ. ಗಂಡ ದೇವೇಂದ್ರ ಅದೇ ಊರಲ್ಲಿ ಕರೆಂಟಿನ ಲೈನ್‌ಮನ್. ಚಿನ್ನಿ ಹುಟ್ಟಿದ ಮೇಲೆ ಇಬ್ಬರೂ ನಮ್ಮ ಮನೆಯಲ್ಲೇ ಇದ್ದು ಕೆಲಸಕ್ಕೆ ಹೋಗಿ ಬರುತ್ತಾರೆ. ನಮ್ಮ ಕಡೆಯ ಸಣ್ಣ ಆಸ್ಪತ್ರೆಗಳು ರಕ್ತವನ್ನು ದೂರದ ದೊಡ್ಡ ಲ್ಯಾಬಿಗೆ ಕಳಿಸುತ್ತವೆ. ಪರೀಕ್ಷೆ ಆದಮೇಲೆ ಅದರ ಫಲಿತಾಂಶ ಕಂಪ್ಯೂಟರಿನಲ್ಲೇ ಬರುತ್ತದೆ. ಆದರೆ ನಾವು ನೀವು ಓದುವ ಹಾಳೆಯಂತೆ ಬರುವುದಿಲ್ಲ. ಒಂದೊಂದು ಸಂಗತಿಗೂ ಹಿಂದೆ ಮುಂದೆ ಹೆಸರಿನ ಚೀಟಿ ಕಟ್ಟಿರುತ್ತದೆ. ಇದು ರೋಗಿಯ ಹೆಸರು, ಇದು ವಯಸ್ಸು, ಇದು ರಕ್ತದ ಸಕ್ಕರೆ ಅಂತ. ಅದಕ್ಕೆ ಎಕ್ಸ್‌ಎಂಎಲ್ ಅನ್ನುತ್ತಾರೆ. ಈ ಚೀಟಿ ಬಂದರೆ ಹಾಳೆಯ ಮೇಲೆ ಇಲ್ಲಿ ಹಾಕು, ಆ ಚೀಟಿ ಬಂದರೆ ದಪ್ಪ ಅಕ್ಷರದಲ್ಲಿ ಅಲ್ಲಿ ಹಾಕು ಎಂದು ಹೇಳುವ ನಿಯಮಗಳ ಕಟ್ಟಿಗೆ ಸ್ಟೈಲ್‌ಶೀಟ್ ಅನ್ನುತ್ತಾರೆ. ಅದನ್ನು ಬರೆಯುವವಳು ನನ್ನ ಮಗಳು. ಆಸ್ಪತ್ರೆಯಲ್ಲಿ ನಮ್ಮ ಕೈಗೆ ಬರುವ ಹಾಳೆಯ ಅಂದಚೆಂದವೆಲ್ಲ ಅವಳದು.

ಹಾಗಾದರೆ ನಿಯಮವೇ ಇಲ್ಲದ ಹೊಸ ಚೀಟಿ ಬಂದರೆ? ಮೊದಲೆಲ್ಲ ಏನಾಗುತ್ತಿತ್ತೆಂದರೆ, ಚೀಟಿ ಕಳಚಿ ಬಿದ್ದು ಒಳಗಿನ ಸರಕು ಹಾಳೆಯ ಕೆಳಗೆ ಎಲ್ಲೋ ಚೆಲ್ಲಿಬಿಡುತ್ತಿತ್ತು. ಹೆಸರಿಲ್ಲ, ತಲೆಬರಹವಿಲ್ಲ, ಅಂಕಿಗೆ ಅಂಕಿ ಅಂಟಿಕೊಂಡು ನಿಲ್ಲುತ್ತಿದ್ದವು. ನಮ್ಮ ಮಂದಿ ಗೊತ್ತಲ್ಲ, ಆಸ್ಪತ್ರೆಯ ಹಾಳೆಯನ್ನು ಡಾಕ್ಟರಿಗೆ ತೋರಿಸುವ ಮುಂಚೆ ಚಹಾದಂಗಡಿಯಲ್ಲಿ ತೋರಿಸುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವನಿಗೆ ತೋರಿಸುತ್ತಾರೆ. ಸಂತೆಕಲ್ಲೂರಿನ ಒಬ್ಬ ಮುದುಕನ ಹಾಳೆಯಲ್ಲಿ ಯಂತ್ರದ ನಂಬರು ಹೀಗೆ ಕೆಳಗೆ ಬಿದ್ದಿತ್ತಂತೆ. ಅಷ್ಟುದ್ದದ ಅಂಕಿ ತನ್ನ ಸಕ್ಕರೆ ಕಾಯಿಲೆಯದೇ ಎಂದು ಯಾರೋ ಓದಿ ಹೇಳಿದ್ದಕ್ಕೆ ಅವನು ಬಸ್‌ಸ್ಟ್ಯಾಂಡಿನಲ್ಲೇ ಕುಸಿದ. ಹೆಂಗಸರು ಹಾಡಿಕೊಂಡು ಅಳಲಿಕ್ಕೆ ಶುರು ಮಾಡಿದರು. ಮಕ್ಕಳು ಆಸ್ಪತ್ರೆಗೆ ಹೋಗಿ ಕುರ್ಚಿ ಮುರಿದರು.

ಆಫೀಸಿನ ಯಜಮಾನ ಮಲ್ಲಣ್ಣ ಸುಜಾತಾಳನ್ನು ಕರೆದು, "ನೋಡವಾ, ಗೊತ್ತಿಲ್ಲದ್ದು ಏನೂ ಹಾಳಿ ಮ್ಯಾಲ ಬರಬಾರ್ದು. ಹಾಳಿ ಸ್ವಚ್ಛ ಇರಬೇಕು" ಅಂದರು. ಅವಳು ಒಂದೇ ಒಂದು ಸಾಲು ಬರೆದಳು. ಹೆಸರಿನ ಜಾಗದಲ್ಲಿ ಒಂದು ಚುಕ್ಕಿಯ ಗುರುತು, ಆಕಾಶದ ನಕ್ಷತ್ರದಂಥದ್ದು. ಆ ಚುಕ್ಕಿಯ ಅರ್ಥ, ಮೇಲೆ ಹೇಳಿದ ಯಾವ ಹೆಸರಿಗೂ ಸೇರದ ಯಾರೇ ಬರಲಿ ಎಂದು. ಬಂದರೆ ಏನು ಮಾಡಬೇಕು? ಏನೂ ಬೇಡ, ಸುಮ್ಮನಿರು. ಅಷ್ಟೇ. ಮರುದಿನದಿಂದ ಹಾಳೆಗಳು ತೊಳೆದಿಟ್ಟ ತಟ್ಟೆಯಂತೆ ಬಂದವು. ಆಸ್ಪತ್ರೆಯವರು ಫೋನ್ ಮಾಡಿ ಹೊಗಳಿದರು. ಮಲ್ಲಣ್ಣ ಆಫೀಸಿಗೆಲ್ಲ ತಿನ್ನಲು ಮಂಡಾಳು, ಮಿರ್ಚಿ ಬಜ್ಜಿ ತರಿಸಿದರು. ಸುಜಾತಾ ಆಗ ಆರು ತಿಂಗಳ ಬಸುರಿ. "ಮಿರ್ಚಿ ತಿನಬ್ಯಾಡ, ಕೂಸಿಗೆ ಕಣ್ಣು ಉರೀತಾವು" ಎಂದು ಈರಮ್ಮ ಬೈದಳು.

ಚಿನ್ನಿ ಹುಟ್ಟಿದ್ದು ಮಳೆ ಹಿಡಿದುಕೊಂಡು ಬಿಡದಿದ್ದ ದಿನಗಳಲ್ಲಿ. ಆ ವರ್ಷ ಎರೆ ಹೊಲಕ್ಕೆ ಕಾಲಿಟ್ಟರೆ ಮೊಣಕಾಲ ತನಕ ನುಂಗುತ್ತಿತ್ತು. ಹೆಸರುಕಾಯಿ ಗಿಡದಲ್ಲೇ ಮೊಳೆತು ಬಿಳಿಯ ಬಾಲ ಬಿಟ್ಟಿತ್ತು. ಬಟ್ಟೆ ಒಣಗುತ್ತಿರಲಿಲ್ಲ, ಬಾಣಂತಿಯ ಕೋಣೆಯಲ್ಲಿ ಕೆಂಡದ ಕುಂಪಟೆ ಇಟ್ಟು ಕೂಸಿನ ಬಟ್ಟೆಗಳನ್ನು ಅದರ ಮೇಲೆ ಆರಿಸುತ್ತಿದ್ದೆವು. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಹೆರಿಗೆ ಸಲೀಸಾಗಿ ಆಗಿತ್ತು. ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಲ್ಯಾಬಿಗೆ ಕಳಿಸಿದ್ದರು. ಹಾಳೆ ಬಂತು. ಸುಜಾತಾ ಬಾಣಂತನದ ಹಾಸಿಗೆಯಲ್ಲಿ ಅದನ್ನು ಹಿಡಿದುಕೊಂಡು ನನಗೆ ತೋರಿಸಿದಳು.

"ಅಪ್ಪಾ, ನೋಡು, ನನ್ನ ಮಗಳ ರಿಪೋರ್ಟು ನಾನ ಬರೆದ ಹಾಳ್ಯಾಗ ಬಂದೈತಿ."

ಎಲ್ಲ ಸರಿಯಾಗಿತ್ತು. ಕೆಂಪು ಅಕ್ಷರ ಒಂದೂ ಇರಲಿಲ್ಲ.

ಕೂಸನ್ನು ಮಸ್ಕಿಗೆ ಕರಕೊಂಡು ಬಂದು ತೊಟ್ಟಿಲಿಗೆ ಹಾಕಿದೆವು. ಬಂದವರೆಲ್ಲ ಒಂದೇ ಮಾತು ಆಡಿದರು. ಎಂಥಾ ಸಾಧು ಕೂಸವ್ವಾ ಇದು! ಅಳುವುದೇ ಇಲ್ಲ. ಹಾಲು ಕುಡಿಸಿದರೆ ಎರಡು ಗುಟುಕು ಕುಡಿದು ನಿದ್ದೆ ಹೋಗುತ್ತದೆ. ನೆರೆಮನೆಯ ಮುದುಕಿ ನೆಟಿಗೆ ಮುರಿದು, "ನಮ್ಮ ಮನ್ಯಾಗಿನ ಪಿಶಾಚಿಗೊಳನ್ನ ಇದರ ಹಂತ್ಯಾಕ ಸಾಲಿಗೆ ಹಚ್ಚಬೇಕು ನೋಡು" ಅಂದಳು. ನಾವು ಬೀಗಿದೆವು. ಹಿಂದಿನ ಜನ್ಮದಲ್ಲಿ ದೊಡ್ಡ ಜೀವವೇ ಇದ್ದಿರಬೇಕು ಅಂದೆ ನಾನು. ನಮ್ಮಲ್ಲಿ ಸುಮ್ಮನಿರುವ ಕೂಸನ್ನು ಹೊಗಳುವಷ್ಟು ಇನ್ಯಾವುದನ್ನೂ ಹೊಗಳುವುದಿಲ್ಲ. ಒಂದು ತಿಂಗಳು ಹೀಗೆ ಹೊಗಳಿಕೆಯಲ್ಲೇ ಹೋಯಿತು. ಇನ್ನೂ ಕೆಲವು ವಾರ ಹೋದವು. ಮೈಯ ಹಳದಿ ಇಳಿಯಲಿಲ್ಲ. ಕೈ ಮುಟ್ಟಿದರೆ ತಣ್ಣಗೆ. ಮಳೆಗಾಲವಲ್ಲವೇ, ತಂಪು ಹಿಡಿದಿದೆ ಅಂದುಕೊಂಡು ಇನ್ನೊಂದು ಕೌದಿ ಹೊದಿಸಿದೆವು.

ಮೊದಲು ಹೆದರಿದವಳು ಈರಮ್ಮ. ಒಂದು ಮಧ್ಯಾಹ್ನ ಕೂಸನ್ನು ಎರೆಯಲು ಕಾಲ ಮೇಲೆ ಹಾಕಿಕೊಂಡವಳು ಚೊಂಬನ್ನು ಹಾಗೇ ಕೆಳಗಿಟ್ಟಳು.

"ರೀ, ಇಲ್ಲಿ ಬರ್ರಿ. ನೀರು ಹಾಕಿದ್ರೂ ಅಳವಲ್ದು. ಎಂಥಾ ಸಾಧು ಕೂಸಿದ್ರೂ ಎರೆಯಾಗ ಅಳ್ತದ. ಅಳಬೇಕು ರೀ."

"ನಿನಗ ಅತ್ರೂ ಚಿಂತಿ, ಅಳದಿದ್ರೂ ಚಿಂತಿ" ಅಂದೆ.

"ನಾಲಿಗಿ ನೋಡ್ರಿ ಹೆಂಗ ಹೊರಗ ಬಂದೈತಿ" ಅಂದಳು. ನೋಡಿದೆ. ಬಾಯಿಯಲ್ಲಿ ಹಿಡಿಸದಷ್ಟು ದಪ್ಪವಾಗಿತ್ತು. ಸಿಂಧನೂರಿನ ಬಸ್ಸು ಯಾವಾಗ ಎಂದು ಕೇಳಲು ಹೊರಗೆ ಓಡಿದೆ.

ಸಿಂಧನೂರಿನಲ್ಲಿ ಮಕ್ಕಳ ಡಾಕ್ಟರಮ್ಮ ಒಬ್ಬರಿದ್ದಾರೆ, ಮಾತು ಕಡಿಮೆ. ಕೂಸಿನ ಹೊಟ್ಟೆ ಮುಟ್ಟಿದರು, ನೆತ್ತಿ ಮುಟ್ಟಿದರು. "ಹುಟ್ಟಿದಾಗ ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ?" ಎಂದು ಕೇಳಿದರು. ಸುಜಾತಾ ಹಾಳೆ ಕೊಟ್ಟಳು. ಅವರು ಹಿಂದೆ ಮುಂದೆ ತಿರುಗಿಸಿ, "ಇದರಲ್ಲಿ ಆ ಸಾಲೇ ಇಲ್ಲವಲ್ಲ" ಅಂದರು. ಮತ್ತೆ ರಕ್ತ ತೆಗೆದರು. ಜೊತೆಗೆ ಲ್ಯಾಬಿಗೆ ಫೋನ್ ಹಚ್ಚಿದರು. ನಾವು ಹೊರಗೆ ಬೆಂಚಿನ ಮೇಲೆ ಕೂತೆವು. ಭತ್ತದ ಟ್ರ್ಯಾಕ್ಟರುಗಳು ಕೆಸರು ಹಾರಿಸುತ್ತ ಹೋಗುತ್ತಿದ್ದವು. ಒಳಗೆ ಕರೆದಾಗ ಅವರು ಸುಜಾತಾಳ ಕಡೆ ನೋಡದೆ ಮಾತಾಡಿದರು. ಕೂಸಿನ ಕುತ್ತಿಗೆಯಲ್ಲಿರುವ ಒಂದು ಗ್ರಂಥಿ ಕೆಲಸ ಮಾಡುತ್ತಿಲ್ಲ. ಹುಟ್ಟಿದ ಕೂಡಲೇ ಗುಳಿಗೆ ಶುರು ಮಾಡಿದ್ದರೆ ಯಾವ ಹೆದರಿಕೆಯೂ ಇರಲಿಲ್ಲ. ತಡವಾದಷ್ಟೂ ಮಿದುಳಿಗೆ ಪೆಟ್ಟು.

"ಪೆಟ್ಟು ಅಂದ್ರ ಏನ್ರಿ?" ಅಂದ ದೇವೇಂದ್ರ.

"ಮಾತು, ನಡಿಗೆ, ಬುದ್ಧಿ. ಎಷ್ಟು ಎಂದು ಈಗ ಹೇಳಲು ಬರುವುದಿಲ್ಲ. ಇವತ್ತಿನಿಂದಲೇ ಗುಳಿಗೆ ಹಾಕಿ. ಒಂದು ದಿನವೂ ತಪ್ಪಿಸಬೇಡಿ. ಇನ್ನೊಂದು ಮಾತು, ಲ್ಯಾಬಿನವರು ಈ ಸಾಲನ್ನು ಆಗಲೇ ಕಳಿಸಿದ್ದರಂತೆ."

ಸುಜಾತಾ ಮೇಜಿನ ಮೇಲಿದ್ದ ಹಾಳೆಯನ್ನು ಎಳೆದುಕೊಂಡು ಅದರ ಕೆಳಗಿನ ಖಾಲಿ ಜಾಗವನ್ನು ನೋಡಿದಳು. ಆಗ ನನಗೆ ತಿಳಿಯಲಿಲ್ಲ. ಅವಳಿಗೆ ಆಗಲೇ ತಿಳಿದಿತ್ತು.

ಮನೆಗೆ ಹೋಗೋಣ ಅಂದರೆ ಕೇಳಲಿಲ್ಲ. ಸಿಂಧನೂರಿನಿಂದ ನೇರ ಲಿಂಗಸುಗೂರಿನ ಬಸ್ಸು ಹಿಡಿದೆವು. ದಾರಿಯಲ್ಲಿ ಮಸ್ಕಿ ಬಂತು, ಮಳೆಯಲ್ಲಿ ನೆನೆದ ಗುಡ್ಡ ಕಂಡಿತು, ಅವಳು ಇಳಿಯಲಿಲ್ಲ. ಮೊದಲ ಗುಳಿಗೆಯನ್ನು ಬಸ್ಸಿನಲ್ಲೇ ಬಾಟಲಿಯ ಮುಚ್ಚಳದಲ್ಲಿ ಕದಡಿ ಹಾಕಿದಳು. ಆಫೀಸು ಮಾಳಿಗೆಯ ಮೇಲೆ, ಮೆಟ್ಟಿಲುಗಳೆಲ್ಲ ಒದ್ದೆ. ಬಾಣಂತಿ ಹೀಗೆ ಬಂದದ್ದನ್ನು ನೋಡಿ ಮಲ್ಲಣ್ಣ ಎದ್ದು ನಿಂತರು. ಅವಳು ನೇರ ಹೋಗಿ ತನ್ನ ಕುರ್ಚಿಯಲ್ಲಿ ಕೂತು, ಲ್ಯಾಬಿನಿಂದ ಬಂದಿದ್ದ ಮೂಲವನ್ನು ತೆರೆದಳು. ನಾನು ಕೂಸನ್ನು ಎತ್ತಿಕೊಂಡು ಅವಳ ಬೆನ್ನ ಹಿಂದೆ ನಿಂತಿದ್ದೆ. ಬಾಣದ ಮೊನೆಯಂಥ ಗುರುತುಗಳ ನಡುವೆ ಇಂಗ್ಲಿಷ್ ಅಕ್ಷರಗಳು. ಅವಳ ಬೆರಳು ಪರದೆಯ ಮೇಲೆ ಕೆಳಕೆಳಗೆ ಜಾರಿ ಒಂದು ಕಡೆ ನಿಂತಿತು.

"ಇಲ್ಲೈತಪ್ಪಾ."

ಹೊಸ ಚೀಟಿ. ಚಿನ್ನಿ ಹುಟ್ಟಿದ ತಿಂಗಳಷ್ಟೇ ಲ್ಯಾಬಿನವರು ಈ ಪರೀಕ್ಷೆಯನ್ನು ಸೇರಿಸಿ, ಅದಕ್ಕೊಂದು ಹೊಸ ಹೆಸರು ಕಟ್ಟಿ ಕಳಿಸಿದ್ದರು. ಅಂಕಿ ಇತ್ತು. ಅದರ ಪಕ್ಕದಲ್ಲಿ, ಕೂಡಲೇ ಮಗುವನ್ನು ಕರೆಸಿ ಮತ್ತೆ ಪರೀಕ್ಷಿಸಿ ಎಂದೂ ಇತ್ತು. ಸ್ಟೈಲ್‌ಶೀಟಿನಲ್ಲಿ ಆ ಹೆಸರಿಗೆ ನಿಯಮ ಇರಲಿಲ್ಲ. ಮೇಲಿನಿಂದ ಒಂದೊಂದೇ ನಿಯಮ ದಾಟಿಕೊಂಡು ಬಂದು ಅದು ಕಡೆಗೆ ಚುಕ್ಕಿಯ ಸಾಲಿಗೆ ಬಂದಿತ್ತು. ಚುಕ್ಕಿಯ ಸಾಲು ಹೇಳಿದಂತೆ ಸುಮ್ಮನಾಗಿತ್ತು.

"ಮೊದಲಿನ ಹಂಗ ಚೆಲ್ಲಿಬಿಟ್ಟಿದ್ರ ಆದ್ರೂ ಯಾರರ ಕೇಳ್ತಿದ್ರು, ಇದೇನು ಕೆಳಗ ಅಂಕಿ ಅಂತ" ಅಂದಳು ಸುಜಾತಾ. ಅವಳ ದನಿಯಲ್ಲಿ ಅಳು ಇರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ನಾನ ಬಾಯಿ ಮುಚ್ಚಿಸೀನಿ ಅಪ್ಪಾ."

ಗಿರಣಿಯ ದಿನಗಳು ನೆನಪಾದವು. ಯಾರ ಗುರುತೂ ಇಲ್ಲದ ಚೀಲ ಲಾರಿಯಿಂದ ಇಳಿದರೆ ಅದನ್ನು ಗೋಡೆಯ ಹಿಂದಕ್ಕೆ ತಳ್ಳಿ ಮುಂದಿನದಕ್ಕೆ ಹೆಗಲು ಕೊಡುವುದು ಎಲ್ಲ ಕಡೆ ನಡೆಯುತ್ತಿತ್ತು. ಯಾರಾದರೂ ಕೇಳಿಕೊಂಡು ಬಂದರೆ ನೋಡಿದರಾಯಿತು ಅಂತ. ಹಾಗೆಂದು ಅವಳಿಗೆ ಸಮಾಧಾನ ಹೇಳಹೊರಟು ಬಾಯಿ ಮುಚ್ಚಿಕೊಂಡೆ. ಚೀಲವೇ ಬೇರೆ, ನನ್ನ ತೋಳಿನಲ್ಲಿ ಮಲಗಿದ್ದ ಜೀವವೇ ಬೇರೆ.

ಮಲ್ಲಣ್ಣ ಕೆಟ್ಟವರಲ್ಲ. ಕಣ್ಣೊರೆಸಿಕೊಂಡರು. ಆಮೇಲೆ ಮೆಲ್ಲಗೆ, "ಈಗ ಆ ಸಾಲು ಸರಿ ಮಾಡಿಬಿಡು ತಂಗಿ. ಹೊರಗ ಗೊತ್ತಾದ್ರ ನಮ್ಮ ಆಫೀಸು ಉಳಿಯಂಗಿಲ್ಲ, ಹತ್ತು ಮಂದಿ ಹೊಟ್ಟಿ ಐತಿ" ಅಂದರು.

ಸುಜಾತಾ ಆಗಲೇ ಆ ತಿಂಗಳಿನಿಂದ ಬಂದ ಎಲ್ಲ ಮೂಲಗಳಲ್ಲೂ ಆ ಒಂದೇ ಹೆಸರನ್ನು ಹುಡುಕುತ್ತಿದ್ದಳು. ಬಹಳ ಕೂಸುಗಳ ಅಂಕಿ ಸರಿಯಾಗೇ ಇದ್ದವು. ಚಿನ್ನಿಯದನ್ನು ಬಿಟ್ಟರೆ ಇನ್ನೊಂದು ಮಾತ್ರ ಸರಿ ಇರಲಿಲ್ಲ. ಬಳಗಾನೂರಿನ ಒಂದು ಗಂಡು ಕೂಸು, ಚಿನ್ನಿಗಿಂತ ಕೆಲವು ದಿನ ದೊಡ್ಡದು.

"ಆಸ್ಪತ್ರಿಯವರಿಗೆ ತಿಳಿಸೋಣು, ಅವರ ಹೇಳ್ತಾರ" ಅಂದರು ಮಲ್ಲಣ್ಣ.

"ತಿಳಸ್ರಿ ಸರ್. ಅವರು ಯಾವಾಗ ಹೇಳ್ತಾರೋ ಗೊತ್ತಿಲ್ಲ. ನಾ ನಾಳಿ ಹೋಗ್ತೀನಿ."

"ಏನಂತ ಹೇಳ್ತಿ?"

"ಇದ್ದದ್ದು ಇದ್ದಂಗ."

ಬಳಗಾನೂರಿಗೆ ನಾನೂ ಹೋದೆ. ಕಾಲುವೆ ತುಂಬಿ ಹರಿಯುತ್ತಿತ್ತು. ಎರಡೂ ಕಡೆ ಭತ್ತದ ಗದ್ದೆ, ನಾಟಿ ಮಾಡುವ ಹೆಂಗಸರು ಪ್ಲಾಸ್ಟಿಕ್ ಹೊದ್ದುಕೊಂಡು ಬಗ್ಗಿದ್ದರು. ಚಿನ್ನಿಯನ್ನು ಈರಮ್ಮನ ಹತ್ತಿರ ಬಿಟ್ಟು ಬಂದಿದ್ದರಿಂದ ಸುಜಾತಾಳ ಎದೆಹಾಲು ಕಟ್ಟಿ ಕುಪ್ಪಸ ಒದ್ದೆಯಾಗಿತ್ತು. ಅದನ್ನು ಸೆರಗಿನಿಂದ ಮುಚ್ಚಿಕೊಂಡು ಕೂತಿದ್ದಳು. ಕೇಳಿಕೊಂಡು ಮನೆ ಹುಡುಕಿದೆವು. ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅಜ್ಜಿಯ ಹೆಸರು ಹುಸೇನ್‌ಬಿ, ಆ ಕೂಸಿನ ತಂದೆಯ ತಾಯಿ.

"ಕೂಡ್ರಿ ಅಣ್ಣಾ, ಯಾರು ಬೇಕಿತ್ತು?"

"ನಿಮ್ಮ ಮೊಮ್ಮಗನ ರಕ್ತದ ರಿಪೋರ್ಟ್ ಬಗ್ಗೆ ಹೇಳಾಕ ಬಂದೀವ್ರಿ" ಅಂದಳು ಸುಜಾತಾ.

"ಅದು ಅಚ್ಛಾ ಬಂದೈತಲ್ಲ ಬೇಟಿ. ಡಾಕ್ಟರು ಎಲ್ಲಾ ಸರಿ ಐತಿ ಅಂದ್ರು" ಎಂದು ಹುಸೇನ್‌ಬಿ ಒಳಗೆ ಕಟ್ಟಿದ್ದ ಜೋಳಿಗೆಯನ್ನು ತೋರಿಸಿದಳು. "ನಮ್ಮ ರೆಹಾನ್ ಭಾಳ ಷರೀಫ್ ಅದಾನ. ಅಳಂಗೇ ಇಲ್ಲ ನೋಡು. ಮನ್ಯಾಗ ಕೂಸೈತಿ ಅಂತ ಗೊತ್ತಾಗಂಗಿಲ್ಲ."

ಸುಜಾತಾ ಜೋಳಿಗೆಯಿಂದ ಕಣ್ಣು ಕಿತ್ತು ಬಂದ ದಾರಿಯ ಕಡೆ ನೋಡಿದಳು. ಒಂದು ಗಳಿಗೆ ನನಗೂ ಎದ್ದು ಓಡಿಹೋಗಬೇಕು ಅನ್ನಿಸಿತು.

"ರಿಪೋರ್ಟಿನ್ಯಾಗ ಒಂದು ಸಾಲು ಬಿಟ್ಟು ಹೋಗೈತ್ರಿ. ಮುಖ್ಯ ಸಾಲು."

"ಬಿಟ್ಟು ಹೋಗೈತಿ ಅಂದ್ರ? ಯಾರು ಬಿಟ್ರು?"

"ನಾನ ರೀ."

ಆಮೇಲೆ ಎಲ್ಲವನ್ನೂ ಹೇಳಿದಳು, ಚುಕ್ಕಿಯ ಸಾಲನ್ನು ಕೂಡ. ಹುಸೇನ್‌ಬಿಗೆ ಚೀಟಿ, ನಿಯಮ ಎಷ್ಟು ತಿಳಿಯಿತೋ ಏನೋ. ಆದರೆ ತನ್ನ ಮಗಳಿಗೂ ಹೀಗೇ ಆಗಿದೆ ಅನ್ನುವುದನ್ನು ಸುಜಾತಾ ಕೊನೆಗೆ ಹೇಳಿದಾಗ ಆ ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟಳು.

"ಅಂದ್ರ ನಿನ್ನ ಮಗಳಿಗೆ ಆತು ಅಂತ ಇಲ್ಲಿ ತನಕ ಬಂದಿ. ನಿನ್ನ ಮಗಳಿಗೆ ಆಗದಿದ್ರ ಬರ್ತಿದ್ದಿ ಏನು?"

ಸುಜಾತಾ ಅವಳನ್ನೇ ನೋಡಿದಳು.

"ಇಲ್ಲ ರೀ. ನನಗ ಗೊತ್ತೇ ಆಗ್ತಿದ್ದಿಲ್ಲ."

ಈ ಮಾತಿಗೆ ನಾನು ತಯಾರಿರಲಿಲ್ಲ. ಏನಾದರೂ ನೆಪ ಹೇಳುತ್ತಾಳೆ, ಯಜಮಾನ ಹೇಳಿದ್ದಕ್ಕೆ ಮಾಡಿದೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಬಾಗಿಲ ಪರದೆಯ ಹಿಂದಿನಿಂದ ಕೂಸಿನ ತಾಯಿ ಬಿಕ್ಕುವ ಸದ್ದು ಬಂತು. ಹುಸೇನ್‌ಬಿ ಎದ್ದು ಒಳಗೆ ಹೋದಳು. ನಮ್ಮನ್ನು ಹೊರಗೆ ಹಾಕಲು ಗಂಡಸರನ್ನು ಕರೆಯಲು ಹೋದಳು ಎಂದು ನಾನು ಚಪ್ಪಲಿ ಮೆಟ್ಟಿಕೊಂಡೆ. ಅವಳು ಬುರ್ಖಾ ಹಾಕಿಕೊಂಡು, ಕೂಸನ್ನು ಎದೆಗವಚಿಕೊಂಡು, ಸೊಸೆಯನ್ನು ಹಿಂದೆ ಕರಕೊಂಡು ಹೊರಗೆ ಬಂದಳು.

"ಎಲ್ಲಿ ಆ ಡಾಕ್ಟರಮ್ಮ? ನಡೀರಿ. ಬೈಯೋದು ಬಸ್ಸಿನ್ಯಾಗ ಬೈತೀನಿ."

ಬೈದಳು. ಸಿಂಧನೂರು ಬರುವ ತನಕ ಬೈದಳು. ಕನ್ನಡದಲ್ಲಿ ಬೈದು ಸಾಲದೆ ಅವರ ಮಾತಿನಲ್ಲೂ ಬೈದಳು. ಕಂಡಕ್ಟರು ಟಿಕೀಟು ಹರಿಯುವುದನ್ನು ಬಿಟ್ಟು ನಿಂತು ಕೇಳಿದ. ನಡುವೆ ಬಸ್ಸು ಕುಲುಕಾಡಿ ಕೂಸಿನ ತಲೆ ಅಲುಗಿದಾಗ, ಹುಸೇನ್‌ಬಿ ಬೈಯುತ್ತಲೇ ಕೂಸನ್ನು ಸುಜಾತಾಳ ಮಡಿಲಿಗೆ ಹಾಕಿ, "ಹಿಡ್ಕೋ ಸರಿಯಾಗಿ, ಬೈಯಾಗ ನನ್ನ ಕೈ ಸುಮ್ಮನಿರಂಗಿಲ್ಲ" ಅಂದಳು.

ರೆಹಾನನಿಗೂ ಅವತ್ತೇ ಗುಳಿಗೆ ಶುರುವಾಯಿತು.

ಸ್ಟೈಲ್‌ಶೀಟನ್ನು ಸುಜಾತಾ ಬಾಣಂತನದಲ್ಲೇ ತಿದ್ದಿ ಬರೆದಳು. ಚುಕ್ಕಿಯ ಸಾಲು ಈಗಲೂ ಇದೆ, ಆದರೆ ಸುಮ್ಮನಿರುವುದಿಲ್ಲ. ಗೊತ್ತಿಲ್ಲದ ಚೀಟಿ ಬಂದರೆ ಹಾಳೆ ಅಚ್ಚಾಗುವುದೇ ನಿಲ್ಲುತ್ತದೆ. ಈ ಹೆಸರಿನದು ಬಂದಿದೆ, ಇದೇನೆಂದು ನಮಗೆ ತಿಳಿಯದು, ಲ್ಯಾಬಿಗೆ ಕೇಳಿ ಎಂದು ಕೆಂಪು ಚೌಕದಲ್ಲಿ ಬರುತ್ತದೆ. ಯಾರಾದರೂ ಕೇಳಿ, ಹೊಸ ನಿಯಮ ಬರೆದಮೇಲೆಯೇ ಆ ಹಾಳೆ ಮುಂದೆ ಹೋಗುವುದು. ಮೊದಮೊದಲು ಆಸ್ಪತ್ರೆಗಳು ಬಹಳ ಗೊಣಗಿದವು. ಯಂತ್ರದ ನಂಬರಿಗೂ ಹಾಳೆ ನಿಲ್ಲುತ್ತದೆ, ರೋಗಿಗಳು ಜಗಳಕ್ಕೆ ಬರುತ್ತಾರೆ ಅಂದವು. ಒಂದು ಆಸ್ಪತ್ರೆ ಇವರ ಕೆಲಸವನ್ನೇ ಬಿಟ್ಟಿತು. ಮಲ್ಲಣ್ಣ ನಿಟ್ಟುಸಿರು ಬಿಟ್ಟರು, ಆದರೆ ಆ ಸಾಲನ್ನು ತೆಗೆಯೆಂದು ಮತ್ತೆ ಹೇಳಲಿಲ್ಲ.

ಅದೆಲ್ಲ ಆಫೀಸಿನ ಮಾತು. ಮನೆಯಲ್ಲಿ ಮಳೆಗಾಲ ಮುಗಿದರೂ ಮುಗಿಯಲಿಲ್ಲ. ಗುಳಿಗೆಯಿಂದ ಮೈ ಬೆಚ್ಚಗಾಯಿತು, ಹಳದಿ ಇಳಿಯಿತು, ಹಾಲು ಕುಡಿಯಲು ಎಚ್ಚರವಿರತೊಡಗಿತು. ಜೋಳ ತೆನೆ ಬಿಡುವ ಹೊತ್ತಿಗೆ ಒಂದು ದಿನ ಬಾಯಿ ಬಿಟ್ಟು ಅತ್ತಳು. ನಾವೆಲ್ಲ ಸುತ್ತ ಕೂತು ನೋಡಿದೆವು. ಆದರೆ ಕುತ್ತಿಗೆ ನಿಲ್ಲುವುದು ತಡ, ಬೋರಲು ಬೀಳುವುದು ತಡ, ಕೂಡುವುದು ತಡ. ಓಣಿಯ ಪ್ರತಿಯೊಂದು ಕೂಸೂ ನಮ್ಮ ಎದೆಗೆ ಒಂದು ಮುಳ್ಳು. ಹೆಜ್ಜೆ ಇಟ್ಟ ಮೇಲೂ ಮಾತು ಬರಲಿಲ್ಲ. ಸುಜಾತಾ ಆಫೀಸಿನಿಂದ ಬಂದವಳೇ ಗಿಲಕಿ ಆಡಿಸಿ ಕಣ್ಣು ತಿರುಗುತ್ತದೆಯೇ ನೋಡುತ್ತಿದ್ದಳು, ಹಿಂದಿನಿಂದ ಹೆಸರು ಕೂಗಿ ತಲೆ ಹೊರಳುತ್ತದೆಯೇ ನೋಡುತ್ತಿದ್ದಳು. ಮುದ್ದು ಮಾಡಿದ್ದು ಕಡಿಮೆ, ಪರೀಕ್ಷೆ ಮಾಡಿದ್ದೇ ಹೆಚ್ಚು. ಗಂಡ ಹೆಂಡತಿ ನಡುವೆ ಮಾತು ನಿಂತ ದಿನಗಳೂ ಇದ್ದವು. ದೇವೇಂದ್ರ ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ಅವನು ಬೈಯುವವನಲ್ಲ. ಕಂಬ ಹತ್ತಿದಾಗ ಮನಸ್ಸು ಎಲ್ಲೋ ಇರುತ್ತದೆ ಮಾವ ಎಂದು ಒಮ್ಮೆ ನನ್ನ ಹತ್ತಿರ ಅಂದ. ಅವತ್ತಿನಿಂದ ಅವನು ಡ್ಯೂಟಿಯಿಂದ ಬರುವ ತನಕ ನನ್ನ ಜೀವ ಬಾಗಿಲಲ್ಲಿರುತ್ತಿತ್ತು.

ಹುಸೇನ್‌ಬಿ ಮಾತ್ರ ಫೋನ್ ಮಾಡುವುದನ್ನು ಬಿಡಲಿಲ್ಲ. "ನಿಮ್ಮಾಕಿ ಕೂತಾಳೇನು? ನಮ್ಮಾಂವ ಇನ್ನೂ ವಾಲ್ತಾನ." "ನಮ್ಮಾಂವ ನಿಂತ ಅಣ್ಣಾ, ಗ್ವಾಡಿ ಹಿಡಕೊಂಡು." ಹೀಗೆ ಎರಡು ಮನೆಗಳ ಲೆಕ್ಕ ಒಂದೇ ಆಗಿತ್ತು.

ಅದಕ್ಕೇ ಇವತ್ತು, ಸಕ್ಕರೆ ಹಂಚಿ ಬಂದಮೇಲೆ, ಬಳಗಾನೂರಿಗೆ ಫೋನ್ ಮಾಡಲು ಕೈ ಏಳಲಿಲ್ಲ. ರೆಹಾನ್ ಇನ್ನೂ ಮಾತಾಡಿಲ್ಲ. ನಮ್ಮ ಸಂತೋಷವನ್ನು ಅವರ ಬಾಗಿಲಿಗೆ ಹೇಗೆ ಒಯ್ಯುವುದು? ಹೇಳದೆ ಇರೋಣ, ಅವನೂ ಮಾತಾಡಿದ ಮೇಲೆ ಹೇಳಿದರಾಯಿತು ಅಂದೆ. ಸುಜಾತಾ ನನ್ನ ಕೈಯಿಂದ ಫೋನ್ ಕಸಿದುಕೊಂಡಳು. "ಹೇಳಬೇಕಪ್ಪಾ" ಎಂದು ತಾನೇ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟಳು.

ಚಿನ್ನಿ ಮಾತಾಡಿದ ಸುದ್ದಿಯನ್ನು ಒಂದೇ ಉಸಿರಿಗೆ ಹೇಳಿದಳು. ಆ ಕಡೆಯಿಂದ ಹುಸೇನ್‌ಬಿ, "ಏನಂದ್ಲು?" ಅಂದಳು.

"ಒಲ್ಲೆ ಅಂದ್ಲು ರೀ. ಗುಳಿಗಿ ಒಲ್ಲೆ ಅಂತ."

"ಶಾಭಾಷ್! ಹೆಣ್ಣುಹುಡುಗಿ ಮೊದಲನೇ ಮಾತು ಒಲ್ಲೆ! ಇಕಿ ಯಾರ ಮಾತು ಕೇಳ್ತಾಳ ಇನ್ನ!" ಎಂದು ಜೋರಾಗಿ ನಕ್ಕಳು. ನಗು ಅರ್ಧಕ್ಕೆ ಮುರಿಯಿತು. "ನಮ್ಮಾಂವ ಇನ್ನೂ ಇಲ್ಲ ಬೇಟಿ. ಅಲ್ಲಾ ಅದಾನ. ನಿಮ್ಮಾಕಿಗೆ ಬಂತಲ್ಲ, ನಾ ಈಗ ಇನ್ನೂ ಸ್ವಲ್ಪ ದಿನ ತಡಕೋತೀನಿ." ಮತ್ತೆ ಸಾವರಿಸಿಕೊಂಡು, "ಒಲ್ಲೆ ಅಂದಾಳ ಅಂತ ಗುಳಿಗಿ ಬಿಟ್ಟೀರಿ! ಹಾಕ್ರಿ ಮೊದಲು!" ಎಂದು ಗದರಿದಳು. ಸುಜಾತಾ ಹೂಂ ರೀ, ಹೂಂ ರೀ ಅನ್ನುತ್ತ ಗುಳಿಗೆಯನ್ನು ಮತ್ತೆ ಅರೆದಳು.

ಡಾಕ್ಟರಮ್ಮನಿಗೂ ಹೇಳಿದೆವು. ಸಂತೋಷ ಅಂದರು. ಶಾಲೆಗೆ ಹೋಗುವ ತನಕ ಪೂರ್ತಿ ಹೇಳಲು ಬರುವುದಿಲ್ಲ ಎಂದೂ ಅಂದರು. ಅದು ನಮಗೆ ಗೊತ್ತು.

ಸಂಜೆ ದೇವೇಂದ್ರ ಲಿಂಗಸುಗೂರಿನಿಂದ ಬಂದ. ದಾರಿಯುದ್ದಕ್ಕೂ ಗಾಡಿಯ ಮೇಲೆ ಅತ್ತಿದ್ದನೋ ಏನೋ, ಧೂಳಿನ ಮುಖದಲ್ಲಿ ಎರಡು ಗೆರೆ ಇದ್ದವು. ಈರಮ್ಮ ಹೋಳಿಗೆ ಮಾಡಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿಯೂ ಇದ್ದವು. ಪಡಸಾಲೆಯಲ್ಲಿ ಎಲ್ಲರೂ ಒಂದೇ ಸಾಲಿಗೆ ಕೂತೆವು. ಚಿನ್ನಿ ಅವಳಪ್ಪನ ತೊಡೆಯ ಮೇಲೆ ಕೂತು ಹೋಳಿಗೆಯನ್ನು ಮುಷ್ಟಿಯಲ್ಲಿ ಹಿಸುಕುತ್ತಿದ್ದಳು. ಸುಜಾತಾ ಉಣ್ಣುವುದನ್ನು ಬಿಟ್ಟು ಆ ಮುಷ್ಟಿಯನ್ನೇ ನೋಡುತ್ತಿದ್ದಳು. ಎಷ್ಟು ಬೆರಳು ಮಡಚುತ್ತಾಳೆ, ಯಾವ ಕೈ ಮುಂದೆ ಮಾಡುತ್ತಾಳೆ ಅಂತ.

"ಅಕಿನ್ನ ನೋಡೋದು ಬಿಡು. ಉಣ್ಣು" ಅಂದಳು ಈರಮ್ಮ.

"ತಡಿ ಬೇ, ಒಂದೀಟು..."

"ಡಾಕ್ಟರಮ್ಮ ನೋಡ್ತಾರ. ಅದು ಅವರ ಕೆಲಸ. ನೀ ಅವ್ವ ಇದ್ದಿ. ಉಣ್ಣು."

ಸುಜಾತಾ ತುತ್ತು ಬಾಯಿಗಿಟ್ಟುಕೊಂಡಳು. ಎರಡು ಮಳೆಗಾಲ ದಾಟಿ ಬಂದ ಅಳು ಆಗ ಬಂತು, ಬಾಯಿ ತುಂಬ ಹೋಳಿಗೆ ಇರುವಾಗ. ನಾವೆಲ್ಲ ಕೈ ನಿಲ್ಲಿಸಿದೆವು.

"ಖಾರ ಆಗೈತಿ" ಅಂದಳು.

"ಹೋಳಿಗ್ಯಾಗ ಖಾರ ಎಲ್ಲಿಂದ ಬಂತವಾ?" ಅಂದ ದೇವೇಂದ್ರ, ಮತ್ತು ಎಡಗೈಯಿಂದ ನೀರಿನ ಚೊಂಬನ್ನು ಅವಳ ಕಡೆ ಸರಿಸಿದ. ಅವಳು ಅಳುತ್ತಲೇ ನಕ್ಕಳು. ಈರಮ್ಮ ಅವಳ ಗಂಗಾಳಕ್ಕೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು. ನಾವು ಉಂಡೆವು.